ಅಂಬಾಸಿಡರ್‌ಗೆ ಪಾಯಿಂಟ್ ಸೆಟ್ಟೋ ಎಲೆಕ್ಟ್ರಾನಿಕ್ ಕಿಟ್ಟೋ: ಎರಡೂ ಹಾಕಿ ಓಡ್ಸಿದ್ಮೇಲೆ ಬರೀತಿರೋದು

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಪಾಯಿಂಟ್ ಸೆಟ್‌ಗೇ, ಅದೂ ಹಳೇ ಸ್ಟಾಕಿನ ಕಂಡೆನ್ಸರ್ ಜೊತೆಗೆ. ಗೊತ್ತಿಲ್ದೋರಿಗೆ: ಪ್ಲಗ್ಗುಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಒಳಗೆ ಕೂತು, ಕಾಯಿಲಿನ ಕರೆಂಟ್ ಕಡಿದು ಕಿಡಿ ಹುಟ್ಸೋ ಸ್ವಿಚ್ಚೇ ಪಾಯಿಂಟು, ಆ ಸ್ವಿಚ್ಚಲ್ಲೇ ಕಿಡಿ ಹಾರದಂಗೆ ತಡೆಯೋದು ಕಂಡೆನ್ಸರ್, ಇವೆರಡರ ಬದಲಿಗೆ ಹಾಕೋದು ಎಲೆಕ್ಟ್ರಾನಿಕ್ ಕಿಟ್. ಎಲೆಕ್ಟ್ರಾನಿಕ್ ಕಿಟ್ ಹಾಕಿ ಓಡ್ಸಿದೀನಿ, ಈಗ ಅಂಗಡೀಲಿ ಸಿಗೋ ಹೊಸ ಸೆಟ್ ಹಾಕೂ ಓಡ್ಸಿದೀನಿ. ನಮ್ ಗಾಡಿ ಮಾರ್ಕ್ ಫೋರ್, ಪೆಟ್ರೋಲು, 1489 ಸಿಸಿ ಬಿಎಂಸಿ ಇಂಜಿನ್. ಇಸುಜು 1800 ಇರೋರು ಇಲ್ಲಿಗೇ ನಿಲ್ಲಿಸ್ಬಹುದು, ನಿಮ್ ಲೆಕ್ಕಾನೇ ಬೇರೆ. ದಾವಣಗೆರೇಲಿ ಪೆಟ್ರೋಲ್ ಅಂಬಾಸಿಡರ್ ಉಳ್ಸಿಕೊಂಡಿರೋರು ಕಮ್ಮಿ, ಡೀಸೆಲ್ ಇಂಜಿನ್ ಇಳಿಸ್ಕೊಂಡವ್ರೇ ಜಾಸ್ತಿ, ಅವರಿಗೆ ಈ ಪಾಯಿಂಟು ಕಂಡೆನ್ಸರ್ ತಲೆನೋವೇ ಇಲ್ಲ ಬಿಡ್ರಿ.

ಶುರುವಾಗಿದ್ದು ಹೊಸ ಸೆಟ್ ಹಾಕಿದ್ಮೇಲೆ. ಪಾಯಿಂಟ್ ಸವೆದಿತ್ತು, ಪಿ.ಬಿ. ರೋಡಲ್ಲಿ ಒಂದು ಅಂಗಡೀಲಿ ಪಾಯಿಂಟು, ಕಂಡೆನ್ಸರ್, ತಿರುಗ್ತಾ ಒಂದೊಂದು ಪ್ಲಗ್ಗಿಗೆ ಕಿಡಿ ಕಳ್ಸೋ ರೋಟರ್ ಮೂರೂ ತಂದೆ, ಎಲ್ಲಾ ಸೇರಿ ಐನೂರು ರೂಪಾಯಿನೂ ಆಗ್ಲಿಲ್ಲ. ಹಾಕಿ ಗ್ಯಾಪ್ ಇಟ್ಟು ಟೈಮಿಂಗ್ ಕಟ್ಟಿದ್ರೆ ಬೆಳಗ್ಗೆ ಹೊತ್ತು ಒಂದೇ ಸೆಲ್ಫಿಗೆ ಸ್ಟಾರ್ಟು, ಐಡ್ಲಿಂಗ್ ಚೆನ್ನಾಗೈತೆ, ಪಿಕಪ್ಪೂ ಬಂತು. ಆದ್ರೆ ಏಪ್ರಿಲ್ ಬಿಸಿಲಲ್ಲಿ ಸಂತೇಬೆನ್ನೂರು ಕಡೆ ಹೋಗಿ, ಪುಷ್ಕರಣಿ ಹತ್ರ ನಿಲ್ಸಿ, ಒಂದು ಟೀ ಕುಡಿದು ವಾಪಸ್ ಬಂದು ಸೆಲ್ಫ್ ಹೊಡೆದ್ರೆ ಸ್ಟಾರ್ಟ್ ಆಗಲ್ಲ. ಸ್ಟಾರ್ಟ್ ಆದ್ರೂ ಮಿಸ್ಸಿಂಗ್, ಮೂರನೇ ಗೇರಲ್ಲಿ ಎಳೆಯೋಕೆ ಹೋದ್ರೆ ಜಗ್ಗಿ ಜಗ್ಗಿ ಹೋಗುತ್ತೆ. ಅರ್ಧ ಗಂಟೆ ಬಾನೆಟ್ ಎತ್ತಿ ನಿಲ್ಸಿದ್ರೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಹೊರಡುತ್ತೆ.

ಇದನ್ನ ನೋಡಿದವ್ರೆಲ್ಲಾ ಒಂದೊಂದು ಹೇಳಿದ್ರು. ಪೆಟ್ರೋಲ್ ಬಿಸಿಗೆ ಗಾಳಿ ಕಟ್ಕೊಳ್ತಾ ಐತೆ, ಪಂಪ್ ಮೇಲೆ ಒದ್ದೆ ಬಟ್ಟೆ ಹಾಕು ಅಂದ ಒಬ್ಬ, ಹಾಕಿದೆ, ಸರಿ ಹೋಯ್ತು. ಸರಿ ಹೋಗಿದ್ದು ಒದ್ದೆ ಬಟ್ಟೆಗಲ್ಲ, ಅದನ್ನ ಹಾಕೋ ಹೊತ್ತಿಗೆ ಇಂಜಿನ್ ತಣ್ಣಗಾಗಿತ್ತು ಅಷ್ಟೆ, ಅದು ಆಮೇಲೆ ಗೊತ್ತಾಗಿದ್ದು. ಇನ್ನೊಬ್ರು ಕಾರ್ಬೊರೇಟರ್ ಬಿಚ್ಚು ಅಂದ್ರು, ಮತ್ತೊಬ್ರು ಕಾಯಿಲ್ ಹೋಗೈತೆ ಅಂದ್ರು. ಕೊನೆಗೆ ನಮ್ ಹಳೇ ಮೆಕ್ಯಾನಿಕ್ ಚಾಚಾ ಹತ್ರ ಹೋದೆ. ಅವರು ಏನೂ ಬಿಚ್ಚಲಿಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಎರಡು ಕ್ಲಿಪ್ ತೆಗೆದು ಪಕ್ಕಕ್ಕಿಟ್ಟು, ರೋಟರ್ ಎತ್ತಿ, ಬಾನೆಟ್ ಅರ್ಧ ಇಳಿಸಿ ಕತ್ತಲೆ ಮಾಡ್ಕೊಂಡು, "ಈಗ ಸೆಲ್ಫ್ ಹೊಡಿಯಪ್ಪ" ಅಂದ್ರು. ಹೊಡೆದು ಇಳಿದು ಬಂದೆ, ನನ್ನ ಕೂಡಿಸ್ದೆ ಅವರ ಹುಡುಗನ್ನ ಕೂರಿಸಿ ಮತ್ತೆ ಹೊಡ್ಸಿದ್ರು, ನನಗೆ ತೋರ್ಸಿದ್ರು: ಪಾಯಿಂಟ್ ಬಾಯಿ ತೆರೆಯೋ ಜಾಗದಲ್ಲಿ ವೆಲ್ಡಿಂಗ್ ಥರ ಬಿಳೀ ಕಿಡಿ ಪಟಪಟ ಅಂತಿದೆ. ಆ ಕಿಡಿ ಪ್ಲಗ್ಗಲ್ಲಿ ಬರ್ಬೇಕು, ಪಾಯಿಂಟಲ್ಲಿ ಅಲ್ಲ. ಪಾಯಿಂಟಲ್ಲಿ ಬಂತು ಅಂದ್ರೆ ಕಂಡೆನ್ಸರ್ ಕೆಲಸ ಮಾಡ್ತಿಲ್ಲ ಅಂತ. ಕಾಯಿಲ್‌ನಿಂದ ಬರೋ ಎಚ್‌ಟಿ (ಹೈ ಟೆನ್ಷನ್) ವೈರ್ ಇಂಜಿನ್ ಬ್ಲಾಕ್ ಹತ್ರ ಹಿಡಿದ್ರೆ ದಪ್ಪಗೆ ನೀಲಿ ಬರೋದು ಬಿಟ್ಟು ಸಣ್ಣಗೆ ಹಳದಿ ಕಿಡಿ. ಪಾಯಿಂಟ್ ಬಿಚ್ಚಿ ನೋಡಿದ್ರೆ ಹೊಸ ಸೆಟ್ಟು, ಆಗ್ಲೇ ಒಂದ್ ಮುಖದಲ್ಲಿ ಗುಂಡಿ, ಎದುರು ಮುಖದಲ್ಲಿ ಗುಡ್ಡ, ಅಕ್ಕಪಕ್ಕ ಸುಟ್ಟು ನೀಲಿ.

ಕಂಡೆನ್ಸರ್ ಅಂದ್ರೆ ಹೆಬ್ಬೆರಳಿನ ತುದಿಯಷ್ಟು ತಗಡಿನ ಡಬ್ಬಿ, ಒಂದು ವೈರು, ಒಂದು ಸ್ಕ್ರೂ. 0.2 ಮೈಕ್ರೋಫ್ಯಾರಡ್ ಆಸುಪಾಸು ಇದ್ರೆ ಸಾಕು. ಈಗ ಬರೋವು ಮೀಟರಿಗೆ ಹಿಡಿದ್ರೆ ಎಲ್ಲಾ ಸರೀನೇ ತೋರ್ಸುತ್ವೆ, ಕಾದ್ಮೇಲೆ ಕೈ ಕೊಡ್ತವೆ. ಅಂಗಡಿಯವ್ರಿಗೆ ವಾಪಸ್ ಕೊಡೋಕೆ ಹೋದ್ರೆ ಅವರು ಮೀಟರ್ ಹಿಡಿದು "ಸರಿ ಐತಲ್ರೀ" ಅಂತಾರೆ, ನಾವೇನು ಗಾಡಿ ಬಿಸಿ ಮಾಡ್ಕೊಂಡು ಕೌಂಟರ್ ಮುಂದೆ ನಿಲ್ಸೋಕಾಗುತ್ತಾ? ಎರಡನೇ ಅಂಗಡಿಯಿಂದ ತಂದಿದ್ದೂ ಅದೇ ಹಾಡು. ನಾನೀಗ ತಂದ ಕೂಡ್ಲೇ ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ ಬಾನೆಟ್ ಮೇಲೆ ಇಟ್ಟು, ಮುಟ್ಟೋಕಾಗದಷ್ಟು ಕಾದ್ಮೇಲೆ ಮತ್ತೆ ಮೀಟರ್ ಹಿಡೀತೀನಿ, ಆಗ ಮುಖವಾಡ ಕಳಚುತ್ತೆ.

ಎಲೆಕ್ಟ್ರಾನಿಕ್ ಕಿಟ್ ಕಡೆ ತಿರುಗಿದ್ದು ಈ ಸಿಟ್ಟಿಗೇ. ಆನ್‌ಲೈನಲ್ಲಿ ತರ್ಸಿದೆ, ನಾಕು ಸಾವಿರದ ಮೇಲಾಯ್ತು. ಹಾಕೋದು ಪಾಯಿಂಟ್‌ಗಿಂತ ಸುಲಭ, ಇದನ್ನ ಒಪ್ಪಲೇಬೇಕು: ಪಾಯಿಂಟು ಕಂಡೆನ್ಸರ್ ಎರಡೂ ಹೊರಗೆ, ಆ ಜಾಗಕ್ಕೆ ಒಂದು ಮಾಡ್ಯೂಲು, ಪಾಯಿಂಟ್ ಬಾಯಿ ತೆರೆಸ್ತಿದ್ದ ಕ್ಯಾಮ್ ಮೇಲೆ ಒಂದು ಮ್ಯಾಗ್ನೆಟ್ ರಿಂಗು, ಕೆಂಪು ವೈರ್ ಕಾಯಿಲ್ ಪ್ಲಸ್‌ಗೆ, ಕಪ್ಪು ಮೈನಸ್‌ಗೆ, ಮುಗೀತು. ಗ್ಯಾಪ್ ಇಲ್ಲ, ಗ್ರೀಸ್ ಇಲ್ಲ, ಸವೆಯೋದಿಲ್ಲ. ಡಿಸ್ಟ್ರಿಬ್ಯೂಟರ್ ಶಾಫ್ಟ್ ಸ್ವಲ್ಪ ಅಲ್ಲಾಡ್ತಿದ್ರೂ ಐಡ್ಲಿಂಗ್ ಗಡಿಯಾರದ ಥರ. ನಮ್ಮನೆಯವ್ರು ಕೂಡ "ಈಗ ಗಾಡಿ ಮನುಷ್ಯರ ಥರ ಆತು ನೋಡು" ಅಂದ್ರು.

ತೊಂದ್ರೆ ಏನಪ್ಪ ಅಂದ್ರೆ ಅದಕ್ಕೆ ಬ್ಯಾಟರಿ ವೋಲ್ಟೇಜ್ ಪೂರ್ತಿ ಬೇಕು. ನಮ್ ಗಾಡಿ ವೈರಿಂಗ್ ಹಳೇದು, ಇಗ್ನಿಷನ್ ಸ್ವಿಚ್ಚಲ್ಲೇ ಒಂದಷ್ಟು ತಿಂದ್ಕೊಳುತ್ತೆ, ಸೆಲ್ಫ್ ಹೊಡೆಯೋವಾಗ ಇನ್ನೂ ಬೀಳುತ್ತೆ, ವಾರಗಟ್ಲೆ ನಿಂತ ಗಾಡಿ ಅಂದ್ರೆ ಬ್ಯಾಟರಿನೂ ಅರೆಜೀವ, ಆಗ ಸೆಲ್ಫ್ ತಿರುಗ್ತಾ ಇದ್ರೂ ಸ್ಪಾರ್ಕ್ ಇರಲ್ಲ. ಇನ್ನೊಂದು, ಇಂಜಿನ್ ಆಫ್ ಇದ್ದಾಗ ಕೀ ಆನ್ ಇಟ್ಟು ರೇಡಿಯೋ ಕೇಳೋ ಅಭ್ಯಾಸ ಇರೋರು ಬಿಡ್ಬೇಕು, ಮಾಡ್ಯೂಲೂ ಕಾಯಿಲೂ ಕಾದು ಸುಟ್ಟು ಹೋಗ್ತವೆ.

ನಂದು ಸುಟ್ಟಿದ್ದು ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಚಿತ್ರದುರ್ಗದಿಂದ ವಾಪಸ್ ಬರ್ತಾ ಭರಮಸಾಗರ ದಾಟಿದ್ಮೇಲೆ, ಹೈವೇ ಮಧ್ಯ, ಓಡ್ತಾ ಓಡ್ತಾ ಸ್ವಿಚ್ ಆಫ್ ಮಾಡ್ದಂಗೆ ನಿಂತೋಯ್ತು. ಕೆಮ್ಮಿಲ್ಲ, ಜಗ್ಗಿಲ್ಲ, ಏನೂ ಇಲ್ಲ. ಲಾರಿಗಳು ಪಕ್ಕದಲ್ಲೇ ರೊಯ್ಯಂತ ಹೋಗ್ತಿವೆ, ಗಾಡಿ ಎಡಕ್ಕೆ ಎಳೆಯೋಷ್ಟ್ರಲ್ಲಿ ಬೆವರು. ಮಾಡ್ಯೂಲ್ ಅಂದ್ರೆ ಸೀಲ್ ಮಾಡಿದ ಕಪ್ಪು ಉಂಡೆ, ಬಿಚ್ಚಿ ನೋಡೋಕೂ ಏನಿಲ್ಲ. ಡಿಕ್ಕೀಲಿ ಹಳೇ ಪಾಯಿಂಟ್ ಸೆಟ್ ಪ್ಲೇಟ್ ಸಮೇತ ಪ್ಲಾಸ್ಟಿಕ್ ಡಬ್ಬೀಲಿ ಇಟ್ಟಿದ್ದೆ, ಅದನ್ನೇ ಕೂರ್ಸಿ, ಗ್ಯಾಪಿಗೆ ವಿಸಿಟಿಂಗ್ ಕಾರ್ಡ್ ತೂರಿಸಿ ಮನೆಗೆ ಬಂದೆ. ಕಂಪನಿಗೆ ಬರೆದ್ರೆ ವೋಲ್ಟೇಜ್ ಸಮಸ್ಯೆ, ವಾರಂಟಿಗೆ ಬರಲ್ಲ ಅಂದ್ರು.

ಗುಜರಿ ಕಂಡೆನ್ಸರ್ ಬಗ್ಗೆ ಒಂದೇ ಮಾತು: ಪುಕ್ಕಟೆ ಕೊಟ್ರೂ ಬೇಡ, ಡಿಸ್ಟ್ರಿಬ್ಯೂಟರ್ ಪೂರ್ತಿ ಸಿಕ್ರೆ ಮಾತ್ರ ತಗೊಳ್ಳಿ.

ಈಗ ಗಾಡೀಲಿ ಇರೋದು ಹಳೇ ಸ್ಟಾಕು. ಹರಿಹರದಲ್ಲಿ ಒಬ್ರು ವಯಸ್ಸಾದ ಅಂಗಡಿಯವ್ರು ಅಟ್ಟದ ಮೇಲಿಂದ ಇಳಿಸಿ ಕೊಟ್ರು, ಬಣ್ಣ ಹೋದ ರಟ್ಟಿನ ಡಬ್ಬಿ, ಒಳಗೆ ಎಣ್ಣೆ ಕಾಗದ ಸುತ್ತಿದ ಸೆಟ್ಟು. ಬೆಲೆ ಹೊಸದಕ್ಕಿಂತ ಎರಡು ಪಟ್ಟು ಹೇಳಿದ್ರು, ಚೌಕಾಸಿ ಮಾಡ್ದೆ ಇದ್ದಷ್ಟೂ ತಂದೆ. ಉತ್ತರಪಾರಾ ಫ್ಯಾಕ್ಟರಿ 2014ರಲ್ಲೇ ಬಾಗಿಲು ಹಾಕಿದ್ಮೇಲೆ ಇಂಥಾವು ಎಲ್ಲಿ ಕಂಡ್ರೂ ಬಿಡ್ಬಾರ್ದು. ಹಾಕಿದಾಗಿಂದ ಬಿಸಿಲಲ್ಲಿ ಒಂದ್ಸಲನೂ ಮಿಸ್ಸಿಂಗ್ ಇಲ್ಲ.

ಅದು ಸಿಗ್ಲಿಲ್ಲ ಅಂದ್ರೆ ಚಾಚಾ ಮಾಡೋ ಕೆಲಸ ಮಾಡಿ, ನನ್ ಪ್ರಕಾರ ಇದು ಕಿಟ್‌ಗಿಂತ ಎಷ್ಟೋ ವಾಸಿ: ಹೊಸ ಕಂಡೆನ್ಸರ್‌ನ ಡಿಸ್ಟ್ರಿಬ್ಯೂಟರ್ ಒಳಗೆ ಹಾಕ್ಲೇ ಬೇಡಿ. ಹೊರಗೆ, ಗಾಳಿ ಬೀಳೋ ಜಾಗ ನೋಡಿ ಗಾಡಿ ಬಾಡಿ ಮೇಲೆ ಬಿಗಿದು, ಅದರ ವೈರ್‌ನ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗೋ ಟರ್ಮಿನಲ್‌ಗೆ ಸೇರ್ಸಿ. ಕರೆಂಟ್ ಲೆಕ್ಕದಲ್ಲಿ ಎರಡೂ ಒಂದೇ ಜಾಗ, ಇಂಜಿನ್ ಬಿಸಿ ಮಾತ್ರ ತಾಗಲ್ಲ. ಬಿಗಿಯೋ ಕಡೆ ಪೇಂಟ್ ಕೆರೆದು ಬರೀ ಲೋಹ ಮಾಡಿ, ಇಲ್ಲಾಂದ್ರೆ ಅರ್ತ್ ಸಿಗಲ್ಲ.

ನಂದು ಭಾನುವಾರದ ಗಾಡಿ, ಸೂಳೆಕೆರೆ, ಚಿತ್ರದುರ್ಗ, ಯಾರದ್ದಾದ್ರೂ ಮದ್ವೆ ಅಷ್ಟೆ. ಪಾಯಿಂಟ್ ಗ್ಯಾಪ್ 15 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಇಟ್ಟು, ಕ್ಯಾಮಿಗೆ ಸಾಸಿವೆ ಕಾಳಿನಷ್ಟು ಗ್ರೀಸ್ ಸವರಿ, ಪ್ಲಗ್ 25 ಥೌ ಇಡೋದು ನನಗೆ ಬೇಜಾರಲ್ಲ, ಅದೇ ಖುಷಿ. ಪ್ಲಗ್ಗಿಗೆ ಗೇಜ್ ಇಲ್ಲಾಂದ್ರೆ ಹ್ಯಾಕ್ಸಾ ಬ್ಲೇಡ್ ದಪ್ಪ ಹೆಚ್ಚು ಕಮ್ಮಿ ಅಷ್ಟೇ ಇರುತ್ತೆ. ದಿನಾ ಆಫೀಸಿಗೆ ಓಡಿಸ್ತೀನಿ, ಕೈ ಎಣ್ಣೆ ಮಾಡ್ಕೊಳಲ್ಲ ಅನ್ನೋರು, ವೈರಿಂಗ್ ಪೂರ್ತಿ ಹೊಸದಾಗಿ ಎಳ್ಸಿರೋರು ಕಿಟ್ ತಗೊಳ್ಳಿ, ಬೇಡ ಅನ್ನಲ್ಲ. ನಮ್ಮ ಅಕ್ಕನ ಮಗ ಬೆಂಗಳೂರಲ್ಲಿ ಪದ್ಮಿನಿಗೆ ಹಾಕ್ಸಿದಾನೆ, ಅವನದ್ದು ಇನ್ನೂ ಓಡ್ತಾ ಐತೆ. ತರ್ಸೋ ಮುಂಚೆ ನಿಮ್ ಗಾಡಿ ಅರ್ತ್ ಪ್ಲಸ್ಸೋ ಮೈನಸ್ಸೋ, ಅಂದ್ರೆ ಬ್ಯಾಟರಿಯ ಯಾವ ತುದಿ ಗಾಡಿಯ ಲೋಹಕ್ಕೆ ಸೇರೈತೆ, ಬ್ಯಾಟರಿ ಹತ್ರ ನೋಡ್ಕೊಳ್ಳಿ, ತೀರಾ ಹಳೇ ಗಾಡೀಲಿ ಪ್ಲಸ್ ಅರ್ತ್ ಇರುತ್ತೆ, ಅದಕ್ಕೆ ಮೈನಸ್ ಅರ್ತಿನ ಕಿಟ್ ಕೊಟ್ರೆ ಮೊದಲ್ನೇ ಸೆಲ್ಫಿಗೇ ಮುಗೀತು.