ಹಂಚು ಇಳಿಸಿ ಶೀಟ್ ಹೊದೆಸುವ ಮುಂಚೆ ಇದನ್ನೊಮ್ಮೆ ಓದಿ

2022ರ ಫೆಬ್ರವರಿಯಲ್ಲಿ ನಮ್ಮ ಮನೆಯ ಹಂಚು ಇಳಿಸಿ ಬಣ್ಣದ ಕಬ್ಬಿಣದ ಶೀಟ್ ಹಾಕಿಸಿದೆವು. ಆಗ ಹೇಳಿದ ಲೆಕ್ಕ 3,57,000 ರೂಪಾಯಿ. ಇವತ್ತಿಗೆ ಆ ಮಾಡಿಗೆ, ಅಂದರೆ ಮನೆಯ ಛಾವಣಿಗೆ, ಸುರಿದಿದ್ದು 5,83,900. ಇಷ್ಟು ಸುರಿದರೂ ಹಳೇ ಮನೆಯ ತಂಪು ವಾಪಸ್ ಬಂದಿಲ್ಲ.

ನಮ್ಮ ಕಡೆ ಈಗ ಪ್ರತಿ ಬೇಸಿಗೆಯಲ್ಲೂ ನಾಲ್ಕಾರು ಮನೆಯ ಹಂಚು ಇಳಿಯುತ್ತಿದೆ. ಮೊನ್ನೆ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿ, ಶೀಟಿಗೆ ಯಾವ ಬಣ್ಣ ಒಳ್ಳೇದು ಅಂತ ಕೇಳಿದ. ಬಣ್ಣದ ಮಾತು ಆಮೇಲೆ, ಮೊದಲು ನಮಗೆ ಆಗಿದ್ದು ಕೇಳು ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ನಮ್ಮಲ್ಲಿ ಅದಕ್ಕಿಂತ ಕೊಂಚ ಕಡಿಮೆ, ಅಷ್ಟೇ. ಮನೆ ಅಜ್ಜ ಕಟ್ಟಿಸಿದ್ದು. ಹಂಚು ಮಂಗಳೂರಿನಿಂದ ಲಾರಿಯಲ್ಲಿ ಘಾಟಿ ಹತ್ತಿ ಬಂದಿತ್ತು. ಅಲ್ಲಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿಗಳು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದರಲ್ಲ, ಅದೇ ನಮೂನೆಯ ಹಂಚು. ಒಂದನ್ನೊಂದು ಕಚ್ಚಿಕೊಂಡು ಕೂರುತ್ತದೆ, ಆದರೂ ಸಂದಿಯಲ್ಲಿ ಗಾಳಿ ಆಡುತ್ತದೆ. ಆ ಸಂದಿಯ ಬೆಲೆ ಏನು ಅಂತ ನಮಗೆ ಗೊತ್ತಾಗಿದ್ದು ಅದನ್ನು ಕಳೆದುಕೊಂಡ ಮೇಲೆ.

ಹಂಚು ಯಾಕೆ ಇಳಿಸಿದೆವು? ಕಾರಣ ಇತ್ತು. ಮಂಗನ ಕಾಟ ಹೇಳತೀರದು. ಒಂದು ಗುಂಪು ಮಾಡಿನ ಮೇಲೆ ಹಾರಿ ಹೋದರೆ ಇಪ್ಪತ್ತು ಹಂಚು ಪುಡಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಹಂಚು ಕೈಯಾಡಿಸಬೇಕು, ಅಂದರೆ ಒಡೆದದ್ದು ತೆಗೆದು ಸರಿಯಾಗಿ ಜೋಡಿಸಬೇಕು. ಆ ಕೆಲಸ ಗೊತ್ತಿದ್ದ ಇಬ್ಬರಿಗೂ ವಯಸ್ಸಾಯಿತು, ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಹಿಂಭಾಗದ ಮಾಡಿನಲ್ಲಿ ಹಂಚು ಹೊರುವ ಮರಗಳು, ಅಂದರೆ ಪಕಾಸು, ರೀಪು, ಒರಲೆ (ಗೆದ್ದಲು) ಹಿಡಿದಿದ್ದವು. ಮರ ಬದಲಾಯಿಸಿ, ಒಡೆದ ಹಂಚು ತುಂಬಿಸಲು ಬಡಗಿ ಹೇಳಿದ್ದು 2,20,000. ಅಷ್ಟು ಹಾಕಿದರೂ ಮಂಗ ಬರುವುದು ನಿಲ್ಲುವುದಿಲ್ಲ ಅಲ್ವಾ? ಹಾಗಾಗಿ ಶೀಟ್ ಕಡೆ ಮನಸ್ಸು ವಾಲಿತು. ಶೀಟ್ ಹಾಕಿಸುವವರೆಲ್ಲ ದಡ್ಡರು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಹಂಚಿನ ಮನೆ ನಡೆಸುವ ಕಷ್ಟ ಅದರೊಳಗೆ ಇರುವವರಿಗೇ ಗೊತ್ತು.

ಗುತ್ತಿಗೆದಾರ ಪೇಟೆಯವನು. ಮಾಡು 2,100 ಚದರ ಅಡಿ ಅಂತ ಅಳೆದ. ಕಬ್ಬಿಣದ ಫ್ರೇಮ್, ಶೀಟ್, ಕೂಲಿ, ಎಲ್ಲ ಸೇರಿ ಅಡಿಗೆ 170 ರೂಪಾಯಿ ಅಂದ. ಬಿಲ್ ಬೇಕಾದರೆ 18 ಪರ್ಸೆಂಟ್ ಜಿಎಸ್‌ಟಿ ಜಾಸ್ತಿ ಆಗುತ್ತದೆ, ಸುಮ್ನೆ ಯಾಕೆ ಅಂದ. ನಾವೂ ಹೌದು ಅಂದೆವು. ನಮ್ಮ ಮೊದಲ ತಪ್ಪು ಅದು. ಬಿಲ್ ಇಲ್ಲ ಅಂದರೆ ವಾರಂಟಿ ಇಲ್ಲ. ಹತ್ತು ವರ್ಷ ಏನೂ ಆಗಲ್ಲ ಅಂತ ಬಾಯಲ್ಲಿ ಹೇಳಿದ್ದಕ್ಕೆ ಕಾಗದ ಇರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ಅಡಿಗೆ ಎಷ್ಟು ಅಂತ ಮಾತ್ರ ಕೇಳಿದ್ದು. ಆ 170 ರೂಪಾಯಿಯೊಳಗೆ ಏನೇನಿದೆ ಅಂತ ಕೇಳಲೇ ಇಲ್ಲ.

ಹಂಚು ಇಳಿಸಿದ ದಿನ ಎಲ್ಲರಿಗೂ ಖುಷಿ. ಸುಮಾರು ಮೂರು ಸಾವಿರ ಹಂಚು. ಒಂದೊಂದು ಎರಡೂವರೆ ಕೆಜಿ ಅಂದರೂ ಏಳೂವರೆ ಟನ್ ಭಾರ ಗೋಡೆಯ ಮೇಲಿಂದ ಇಳಿಯಿತು. ಅದರ ಜಾಗಕ್ಕೆ ಏರಿದ ಶೀಟಿನ ತೂಕ ಒಂದು ಟನ್ನೂ ಇಲ್ಲ. ಹಳೇ ಮಣ್ಣಿನ ಗೋಡೆಗೆ ಇದು ನಿಜವಾಗಿಯೂ ಒಳ್ಳೆಯದೇ. ಆದರೆ ಆ ಭಾರವೇ ಅಷ್ಟು ವರ್ಷ ಮಾಡನ್ನು ಗಾಳಿಗೆ ಹಾರದ ಹಾಗೆ ಹಿಡಿದಿತ್ತು ಅನ್ನುವುದು ಹೊಳೆಯಲಿಲ್ಲ. ಮೇ ತಿಂಗಳ ಗುಡುಗು ಮಳೆಯ ಮೊದಲ ಗಾಳಿಗೇ ಪಡುವಣ ಸೂರಿನ ನಾಲ್ಕು ಶೀಟ್ ಮೇಲೆದ್ದವು. ಒಂದು ಕಿತ್ತು ತೋಟಕ್ಕೆ ಬಿತ್ತು. ಆ ಹೊತ್ತಿಗೆ ತೋಟದಲ್ಲಿ ಯಾರೂ ಇರಲಿಲ್ಲ, ದೇವರು ದೊಡ್ಡವನು. ನೋಡಿದರೆ ಸೂರಿನ ಅಂಚಿನಲ್ಲೂ ಮಧ್ಯದಲ್ಲಿ ಇದ್ದಷ್ಟೇ ದೂರಕ್ಕೆ ಅಡ್ಡಪಟ್ಟಿ ಕೊಟ್ಟಿದ್ದರು. ಗಾಳಿ ಎತ್ತುವುದು ಅಂಚನ್ನೇ. ಅಲ್ಲಿ ಪಟ್ಟಿ ಹತ್ತಿರ ಹತ್ತಿರ ಇರಬೇಕು, ಸ್ಕ್ರೂ ಜಾಸ್ತಿ ಬೇಕು. ರಿಪೇರಿಗೆ 14,000.

ಶಬ್ದದ ವಿಷಯ ಎಲ್ಲರೂ ಹೇಳುತ್ತಾರೆ, ನಾನು ಜಾಸ್ತಿ ಹೇಳುವುದಿಲ್ಲ. ಆರಿದ್ರಾ ಮಳೆ ಹಿಡಿದರೆ ಒಂದೇ ಕೋಣೆಯಲ್ಲಿ ಕೂತು ಮಾತಾಡಲು ಆಗುವುದಿಲ್ಲ. ಫೋನಿನ ಸಿಗ್ನಲ್ ಮೊದಲೇ ಕಷ್ಟ, ಈಗ ಅಂಗಳಕ್ಕೇ ಬರಬೇಕು. ಏಪ್ರಿಲ್ ಮಧ್ಯಾಹ್ನ ಒಳಗೆ ಕೂರಲು ಆಗದೆ ಅಮ್ಮ ಕೊಟ್ಟಿಗೆ ಪಕ್ಕದ ನೆರಳಿಗೆ ಹೋಗಿ ಕೂರುತ್ತಿದ್ದರು.

ನಾನು ನಿಜವಾಗಿ ಹೇಳಬೇಕಾದ್ದು ನೀರಿನ ವಿಷಯ. ಮಳೆ ನೀರಲ್ಲ.

ಮೊದಲ ವರ್ಷದ ದೀಪಾವಳಿ ಮುಗಿದು ಚಳಿ ಬಿದ್ದಿತ್ತು. ಬೆಳಗಿನ ಜಾವ ಎದ್ದರೆ ಅಡುಗೆಮನೆಯ ನೆಲವೆಲ್ಲ ಒದ್ದೆ. ಟಪ್ ಟಪ್ ಅಂತ ಹನಿ ಬೀಳುತ್ತಿದೆ. ಹೊರಗೆ ಬಂದು ನೋಡಿದರೆ ಆಕಾಶದ ತುಂಬ ನಕ್ಷತ್ರ. ವಾರದಿಂದ ಮಳೆ ಇರಲಿಲ್ಲ. ಮಳೆಗಾಲದ ನೀರು ಎಲ್ಲೋ ನಿಂತು ಈಗ ಸೋರುತ್ತಿದೆ ಅಂದುಕೊಂಡೆವು. ಗುತ್ತಿಗೆದಾರ ಬಂದು ಸ್ಕ್ರೂ ತಲೆಗೆಲ್ಲ ಸಿಲಿಕಾನ್ ಹಚ್ಚಿದ. 2,500 ತೆಗೆದುಕೊಂಡ. ಹನಿ ನಿಲ್ಲಲಿಲ್ಲ. ಮತ್ತೆ ಬಂದ, ಮತ್ತೆ ಹಚ್ಚಿದ. ಹೀಗೆ ಮೂರು ಸಲ.

ಅದು ಸೋರಿಕೆಯೇ ಅಲ್ಲ. ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ನೀರು ಕೂರುತ್ತದಲ್ಲ, ಅದೇ. ತೆಳ್ಳಗಿನ ಕಬ್ಬಿಣ ರಾತ್ರಿ ಬೇಗ ತಣ್ಣಗಾಗುತ್ತದೆ. ಒಲೆಯ ಹಬೆ, ಬಚ್ಚಲ ಹಂಡೆಯ ಹಬೆ, ನಾವು ಬಿಡುವ ಉಸಿರು, ಎಲ್ಲ ಬಿಸಿಯಾಗಿ ಮೇಲೇರಿ ಆ ತಣ್ಣನೆಯ ಶೀಟಿಗೆ ತಾಗಿ ನೀರಾಗುತ್ತದೆ. ಹಂಚಿನ ಮಾಡಿನಲ್ಲಿ ಅದೇ ಹಬೆ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಉಳಿದ ಪಸೆಯನ್ನು ಮಣ್ಣಿನ ಹಂಚು ಹೀರಿಕೊಂಡು ಬಿಸಿಲಿಗೆ ಒಣಗುತ್ತಿತ್ತು. ಬೆಳಿಗ್ಗೆ ನಮ್ಮ ಮಾಡಿನಿಂದ ಹೊಗೆ ಏಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮನೆ ಉಸಿರಾಡುವ ರೀತಿ ಅದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಅಟ್ಟದಲ್ಲಿ ಅಡಿಕೆ ಚೀಲ ಇಟ್ಟಿದ್ದೆವು. ಅಪ್ಪನ ಕಾಲದಿಂದ ಇಡುತ್ತಿದ್ದ ಜಾಗ. ಜನವರಿಯಲ್ಲಿ ಮಾರಲು ಇಳಿಸಿದರೆ ಮೇಲಿನ ಸಾಲಿನ ಚೀಲಗಳಿಗೆಲ್ಲ ಬೂಸು. ಮಂಡಿಯಲ್ಲಿ ಅದನ್ನು ಬೇರೆ ಗುಡ್ಡೆ ಹಾಕಿದರು. ಎರಡು ಕ್ವಿಂಟಲ್ ಅಡಿಕೆಗೆ ಸಿಕ್ಕ ಬೆಲೆ ಹೇಳಲು ಮನಸ್ಸು ಬರುವುದಿಲ್ಲ. ಆ ನಷ್ಟವನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ.

ಎರಡನೇ ಮಳೆಗಾಲದಲ್ಲಿ ನಿಜವಾದ ಸೋರಿಕೆಯೂ ಶುರುವಾಯಿತು. ಸ್ಕ್ರೂ ಕೆಳಗೆ ಕಪ್ಪು ರಬ್ಬರ್ ವಾಷರ್ ಇರುತ್ತದೆ. ಅದು ಇಪಿಡಿಎಂ ರಬ್ಬರ್ ಆಗಿರಬೇಕು, ಬಿಸಿಲು ತಡೆಯುತ್ತದೆ. ನಮ್ಮದು ಎರಡೇ ವರ್ಷಕ್ಕೆ ಬಿರುಕು ಬಿಟ್ಟಿತ್ತು. ಕೆಲವು ಕಡೆ ಮೆಷಿನ್‌ನಲ್ಲಿ ಅತಿಯಾಗಿ ಬಿಗಿದು ವಾಷರ್ ಹೊರಗೆ ಚಪ್ಪಟೆಯಾಗಿ ಬಂದಿತ್ತು. ಜೊತೆಗೆ ಎಷ್ಟೋ ಸ್ಕ್ರೂಗಳನ್ನು ಶೀಟಿನ ಉಬ್ಬಿಗೆ ಹೊಡೆಯದೆ ನೀರು ಹರಿಯುವ ತಗ್ಗಿಗೇ ಹೊಡೆದಿದ್ದರು. ಒಟ್ಟು 1,200 ಸ್ಕ್ರೂ ಬದಲಾಯಿಸಿದೆವು. ಸಾಮಾನು, ಕೂಲಿ ಸೇರಿ 27,000.

ಕತ್ತರಿಸಿದ ಅಂಚುಗಳೆಲ್ಲ ಆಗಲೇ ತುಕ್ಕು. ಎರಡು ಮಾಡು ಕೂಡುವ ಒಳಮೂಲೆಯಲ್ಲಿ ಜಾಸ್ತಿ. ಶೀಟನ್ನು ಮಾಡಿನ ಮೇಲೆಯೇ ಇಟ್ಟು ಗ್ರೈಂಡರ್‌ನಲ್ಲಿ ಕೊಯ್ದಿದ್ದರು. ಗ್ರೈಂಡರಿನ ಬಿಸಿಗೆ ಅಂಚಿನ ಬಣ್ಣ, ಸತುವಿನ ಲೇಪ ಸುಟ್ಟುಹೋಗುತ್ತದೆ. ಕಿಡಿ ಬಿದ್ದ ಕಡೆಯೆಲ್ಲ ಸಣ್ಣ ಸಣ್ಣ ಕೆಂಪು ಚುಕ್ಕೆ ಏಳುತ್ತದೆ. ನಾವು ಕೆಳಗೆ ನಿಂತು ಕಿಡಿ ನೋಡುತ್ತಿದ್ದೆವು, ಏನೂ ಗೊತ್ತಿರಲಿಲ್ಲ. ಕತ್ತರಿಯಲ್ಲಿ ಅಥವಾ ನಿಬ್ಲರ್‌ನಲ್ಲಿ (ಶೀಟನ್ನು ಕಚ್ಚಿ ಕಚ್ಚಿ ಕತ್ತರಿಸುವ ಮೆಷಿನ್) ಕತ್ತರಿಸಿ ಅಂತ ನೀವು ನಿಂತು ಹೇಳಿ. ಕೊರೆದ ಪುಡಿಯನ್ನು ಅವತ್ತೇ ಗುಡಿಸಿಸಿ. ತೋಟದ ಮಧ್ಯೆ ಮನೆ ಇರುವವರಿಗೆ ಇನ್ನೊಂದು ಮಾತು. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಅಂದರೆ ತಾಮ್ರದ ಲವಣ ಇರುತ್ತದೆ. ತಾಮ್ರಕ್ಕೂ ಶೀಟಿನ ಸತುವಿಗೂ ಆಗಿಬರುವುದಿಲ್ಲ. ಔಷಧಿ ಮಾಡಿನ ಮೇಲೆ ಹಾರಿದರೆ ನೀರು ಬಿಟ್ಟು ತೊಳೆಯಿರಿ.

ಕಿತ್ತು ಹೋಗಿದ್ದ ಶೀಟಿನ ಒಂದು ತುಂಡನ್ನು ಪೇಟೆಯ ಲೇತ್ ಅಂಗಡಿಗೆ ಒಯ್ದು ಮೈಕ್ರೋಮೀಟರ್‌ನಲ್ಲಿ ಅಳೆಸಿದೆ. ಹೇಳಿದ್ದು 0.50 ಮಿಲಿಮೀಟರ್. ಸಿಕ್ಕಿದ್ದು 0.36. ಮನೆಯಲ್ಲಿ ಯಾರಿಗೂ ಅವತ್ತು ಊಟ ಸೇರಲಿಲ್ಲ.

ಇದನ್ನು ನೀವು ಶೀಟ್ ಇಳಿಸುವ ದಿನವೇ ಕಂಡುಹಿಡಿಯಬಹುದು. ತಕ್ಕಡಿ ಸಾಕು. ನಾಲ್ಕು ಅಡಿ ಅಗಲದ ಕಾಯಿಲ್‌ನಿಂದ (ತಗಡಿನ ಸುರುಳಿಯಿಂದ) ಮಾಡಿದ 0.50ರ ಶೀಟ್ ಒಂದು ಮೀಟರ್ ಉದ್ದಕ್ಕೆ ಸುಮಾರು ನಾಲ್ಕೂವರೆ ಕೆಜಿ ತೂಗುತ್ತದೆ. 0.35ರದು ಮೂರು ಕೆಜಿ ಆಸುಪಾಸು. ದಪ್ಪ ಅಂದರೆ ಬಣ್ಣ, ಲೇಪ ಸೇರಿದ ದಪ್ಪವೋ, ಬರೀ ಉಕ್ಕಿನ ದಪ್ಪವೋ ಅಂತಲೂ ಕೇಳಿ. ಎರಡೂ ಒಂದೇ ಅಲ್ಲ. ಲೇಪ ಬರೀ ಸತುವೋ, ಅಲ್ಯೂಮಿನಿಯಂ ಸೇರಿದ್ದೋ ಕೇಳಿ. ಗ್ಯಾಲ್ವಾಲ್ಯೂಮ್ ಅನ್ನುವುದರಲ್ಲಿ 55 ಪರ್ಸೆಂಟ್ ಅಲ್ಯೂಮಿನಿಯಂ, ಉಳಿದದ್ದು ಬಹುಪಾಲು ಸತು. ನಮ್ಮಂಥ ಮಳೆಗೆ ಅದೇ ಬೇಕು, ಚದರ ಮೀಟರಿಗೆ 150 ಗ್ರಾಂ ಲೇಪದ್ದು. ಬಿಲ್ಲಿನಲ್ಲಿ ಕಂಪನಿ ಹೆಸರು, ದಪ್ಪ, ಲೇಪ, ಮೂರೂ ಬರೆಸಿ. ಬಣ್ಣ ಹಾಕಿದ ಅಲ್ಯೂಮಿನಿಯಂ-ಸತು ಲೇಪದ ಶೀಟಿಗೆ ಐಎಸ್ 15965 ಅಂತ ಭಾರತೀಯ ಮಾನದಂಡ ಇದೆ, ಅದನ್ನೂ ಕೇಳಿ. ಒಳ್ಳೆ ಶೀಟಿನ ಮೇಲೆ ಈ ವಿವರಗಳನ್ನು ಅಚ್ಚು ಹಾಕಿರುತ್ತಾರೆ. ಹೆಸರಿನ ಒಂದೊಂದು ಅಕ್ಷರ ಬಿಡಿಸಿ ಓದಿ. ದೊಡ್ಡ ಕಂಪನಿಯ ಹೆಸರನ್ನೇ ಹೋಲುವ ಬೇರೆ ಹೆಸರು ಇರಬಹುದು.

ಕರೆಂಟಿನ ಸರ್ವಿಸ್ ವಯರ್ ಮಾಡಿನ ಮೇಲೆ ಹಾದು ಬರುತ್ತಿದ್ದರೆ ಶೀಟ್ ಹಾಕುವ ಮುಂಚೆಯೇ ಅದನ್ನು ಬೇರೆ ಕಡೆಯಿಂದ ತರಿಸಿ. ವಯರ್ ಉಜ್ಜಿ ಉಜ್ಜಿ ರಬ್ಬರ್ ಸವೆದರೆ ಇಡೀ ಮಾಡಿಗೆ ಕರೆಂಟ್ ಬರುತ್ತದೆ. ಫ್ರೇಮಿಗೆ ಅರ್ತಿಂಗ್ ಮಾಡಿಸಿ. ನಮ್ಮ ಮನೆಗೆ ಲೈನ್‌ಮನ್ ಬೇರೆ ಕೆಲಸಕ್ಕೆ ಬಂದಾಗ ನೋಡಿ ಹೇಳಿದ, ಬಚಾವಾದೆವು.

ನಮ್ಮ ಎರಡು ಮನೆ ಆಚೆಯವರು ಹಂಚನ್ನು ಇಳಿಸಲೇ ಇಲ್ಲ. ಒರಲೆ ಹಿಡಿದ ಮರ ಬದಲಾಯಿಸಿ, ಹಂಚಿನ ಮೇಲೆ ಒಂದು ಅಡಿ ಜಾಗ ಬಿಟ್ಟು ಪೈಪಿನ ಫ್ರೇಮ್ ಕಟ್ಟಿ ಶೀಟ್ ಹಾಕಿಸಿದರು. ಫ್ರೇಮಿನ ಭಾರ ಗೋಡೆಗೆ, ಪಕಾಸಿಗಲ್ಲ. ಮಧ್ಯದ ಜಾಗದಲ್ಲಿ ಗಾಳಿ ಓಡಾಡುತ್ತದೆ. ಎರಡೂ ತುದಿಗೆ ಜಾಲರಿ ಹೊಡೆಸಿದ್ದಾರೆ, ಮಂಗ ಇಲಿ ನುಗ್ಗುವುದಿಲ್ಲ. ಮಳೆಯ ಶಬ್ದವೂ ಅಷ್ಟಿಲ್ಲ. ಅವರಿಗೆ ಆಗ ನಮಗಿಂತ ಖರ್ಚು ಜಾಸ್ತಿ ಆಗಿತ್ತು. ಎರಡೆರಡು ಮಾಡು ಯಾಕೆ ಅಂತ ನಾವೇ ಕೇಳಿದ್ದೆವು. ಏಪ್ರಿಲ್‌ನಲ್ಲಿ ಅವರ ಮನೆಯ ಜಗಲಿಯಲ್ಲಿ ಕೂತರೆ ಉತ್ತರ ಸಿಗುತ್ತದೆ. ಮರ, ಹಂಚು ಮುಕ್ಕಾಲು ಪಾಲು ಗಟ್ಟಿ ಇದ್ದರೆ ಇದೇ ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ. ಪೂರ್ತಿ ಇಳಿಸಲೇಬೇಕು ಅಂದರೆ, ಬಿಸಿ ತಡೆಯಲು ಶೀಟಿನ ಕೆಳಗೆ ಹಾಕುವ ಫಾಯಿಲ್ ಹಾಳೆ, ಸೀಲಿಂಗ್, ನೆತ್ತಿಯಲ್ಲಿ ಹಬೆ ಹೋಗುವ ದಾರಿ, ಈ ಮೂರನ್ನೂ ಮೊದಲ ದಿನದ ಲೆಕ್ಕದಲ್ಲೇ ಸೇರಿಸಿಕೊಳ್ಳಿ. ಆಮೇಲೆ ಮಾಡಿಸಿದರೆ ಶೀಟ್ ಎಲ್ಲ ಬಿಚ್ಚಿ ಮತ್ತೆ ಹಾಕಬೇಕು. ನಾವು ಹಾಗೆಯೇ ಮಾಡಿದ್ದು. 1,700 ಚದರ ಅಡಿಗೆ ಗುಳ್ಳೆ ಫಾಯಿಲ್ ಹಾಕಲು 37,400, ಕೋಣೆಗಳಿಗೆ ಸೀಲಿಂಗ್ 99,000. ಈಗ ಕೋಣೆಗಳಲ್ಲಿ ಹನಿ ಬೀಳುವುದಿಲ್ಲ. ಸೆಕೆ ಕಡಿಮೆಯಾಗಿದೆ, ಹೋಗಿಲ್ಲ.

ಹಳೇ ಹಂಚಿನಲ್ಲಿ 2,300 ಹಂಚನ್ನು ಒಂದಕ್ಕೆ 5 ರೂಪಾಯಿಯ ಹಾಗೆ ಮಾರಿಬಿಟ್ಟಿದ್ದೆವು. 600 ಹಂಚನ್ನು ಮಾತ್ರ ಅಮ್ಮ ಕೊಡಲು ಬಿಡಲಿಲ್ಲ, ಕೊಟ್ಟಿಗೆ ಹಿಂದೆ ಒಟ್ಟಿಸಿದ್ದರು. ಅಡುಗೆಮನೆಯಲ್ಲಿ ಕಟ್ಟಿಗೆ ಒಲೆ ಇದೆ. ಅಲ್ಲಿ ಫಾಯಿಲ್ ಹಾಕಿದರೂ ಹೊಗೆ ಹೋಗಲು ದಾರಿ ಇರಲಿಲ್ಲ. ಮಸಿ ನೀರು ಶೀಟಿನ ಒಳಮೈಯನ್ನು ಆಗಲೇ ತಿಂದಿತ್ತು. ಕೊನೆಗೆ ಅಷ್ಟು ಭಾಗದ ಶೀಟ್ ತೆಗೆಸಿ, ಹೊಸ ರೀಪು ಹೊಡೆಸಿ, ಆ ಹಂಚನ್ನೇ ಮತ್ತೆ ಹೊದೆಸಿದೆವು. 42,000 ಆಯಿತು. ಹಂಚು ಕೈಯಾಡಿಸುತ್ತಿದ್ದ ಇಬ್ಬರಲ್ಲಿ ಒಬ್ಬರು ಕೆಳಗೆ ಕುರ್ಚಿಯಲ್ಲಿ ಕೂತು ಹುಡುಗರಿಗೆ ಹೇಳಿಕೊಟ್ಟರು. ಎಣಿಸಿ ಇಟ್ಟ ಹಾಗೆ ಸಾಲು ಮುಗಿದಾಗ ನಲವತ್ತು ಹಂಚು ಮಿಕ್ಕವು. ಮಂಗ ಒಡೆದರೆ ಬೇಕಾಗುತ್ತದೆ ಅಂತ ಅಮ್ಮ ಅವನ್ನು ಮತ್ತೆ ಕೊಟ್ಟಿಗೆ ಹಿಂದೆ ಇಡಿಸಿದ್ದಾರೆ.