ಪ್ಲೇಟ್ ಬದಲಾಯಿತು, ದೋಷ ಉಳಿಯಿತು: ಒಂದು ಡೀಸೆಲ್ ಕಾರಿನ ಕ್ಲಚ್ಚು ಮತ್ತು ಅದರ ಸರ್ವಿಸ್

ತುಮಕೂರಿನಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡಾಡುವವರಿಗೆ ಈ ಐದು ಗೇರಿನ ಡೀಸೆಲ್ ಹ್ಯಾಚ್‌ಬ್ಯಾಕ್ ಒಳ್ಳೆಯ ಕಾರೇ. ಎಂಜಿನ್ನಿಗೆ ಕಸುವಿದೆ, ಮೈಲೇಜಿಗೆ ಮೋಸವಿಲ್ಲ. ತೊಂದರೆ ಇರುವುದು ಕ್ಲಚ್ಚಿನಲ್ಲಿ. ಅದಕ್ಕಿಂತ ಹೆಚ್ಚಾಗಿ, ಆ ಕ್ಲಚ್ಚನ್ನು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನವರು ರಿಪೇರಿ ಮಾಡಿದ ರೀತಿಯಲ್ಲಿ.

ದೇವರಾಯನದುರ್ಗದ ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಮೇಲೇರುತ್ತಿತ್ತೇ ಹೊರತು ವೇಗ ಏರುತ್ತಿರಲಿಲ್ಲ, ಜೊತೆಗೆ ಸುಟ್ಟ ವಾಸನೆ. ಅದೇ ಕಾರು ಬಿ.ಎಚ್. ರಸ್ತೆಯ ದಟ್ಟಣೆಯಲ್ಲಿ, ಪೆಡಲ್ಲನ್ನು ಪೂರ್ತಿ ತುಳಿದರೂ, ಮೊದಲ ಗೇರಿಗೆ ಸುಲಭವಾಗಿ ಬೀಳುತ್ತಿರಲಿಲ್ಲ. ರಿವರ್ಸ್ ಹಾಕಿದರೆ ಕರಕರ ಸದ್ದು. ಮೊದಲನೆಯದು, ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟ್ ಸರಿಯಾಗಿ ಹಿಡಿಯುತ್ತಿಲ್ಲವೆಂಬುದರ ಗುರುತಾದರೆ, ಎರಡನೆಯದು ಪೂರ್ತಿಯಾಗಿ ಬಿಡುತ್ತಿಲ್ಲವೆಂಬುದರ ಗುರುತು. ಇವೆರಡೂ ಒಟ್ಟಿಗೆ ಕಾಣಿಸಿಕೊಂಡಾಗ ಬರೀ ಸವೆತದ ಆಚೆಗೂ ಕಾರಣ ಹುಡುಕಬೇಕು. ಸರ್ವಿಸ್ ಸೆಂಟರಿನಲ್ಲಿ ಸಿಕ್ಕ ಉತ್ತರ ಮಾತ್ರ ಒಂದೇ: ‘ನೀವು ಹಾಫ್ ಕ್ಲಚ್ಚಿನಲ್ಲಿ ಓಡಿಸ್ತೀರ ಸಾರ್, ಪ್ಲೇಟ್ ಸವೆದಿದೆ.’ ಪ್ಲೇಟನ್ನೂ ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟನ್ನೂ ಬದಲಾಯಿಸಿದರು; ಕೆಲವು ತಿಂಗಳಲ್ಲಿ ದೋಷ ಮರುಕಳಿಸಿತು; ಮತ್ತೆ ಬದಲಾಯಿಸಿ ಮತ್ತೆ ಬಿಲ್ ಕೊಟ್ಟರು.

ಹಾಫ್ ಕ್ಲಚ್ಚಿನಿಂದ, ಅಂದರೆ ಪೆಡಲ್ಲನ್ನು ಅರ್ಧ ತುಳಿದುಕೊಂಡೇ ಓಡಿಸುವುದರಿಂದ, ಪ್ಲೇಟ್ ಸವೆಯುವುದು ನಿಜ. ಆದರೆ ಪ್ರತಿ ಸರ್ವಿಸಿನ ಬಿಲ್ಲಿನಲ್ಲೂ ‘ಬ್ರೇಕ್ ಆಯಿಲ್ ಟಾಪ್ ಅಪ್’ ಎಂದು ಬರೆದಿದ್ದೇಕೆ ಎಂಬುದಕ್ಕೆ ಆ ವಿವರಣೆಯಲ್ಲಿ ಉತ್ತರವಿರಲಿಲ್ಲ. ಕೊನೆಗೆ ಅಂತರಸನಹಳ್ಳಿ ಕಡೆಯ ಒಂದು ಖಾಸಗಿ ಗ್ಯಾರೇಜಿನ ಮೆಕ್ಯಾನಿಕ್, ಕಾರಿನ ಬಾನೆಟ್ ಎತ್ತುವುದಕ್ಕೂ ಮೊದಲು ಹಳೆಯ ಬಿಲ್ಲುಗಳನ್ನು ಓದಿ, ಗೇರ್‌ಬಾಕ್ಸ್ ಇಳಿಸಿ ತೋರಿಸಿದರು. ಈ ಕಾರಿನದು ಕೇಬಲ್ ಕ್ಲಚ್ಚಲ್ಲ, ಆಯಿಲ್ಲಿನ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್. ಬ್ರೇಕಿಗೂ ಕ್ಲಚ್ಚಿಗೂ ಆಯಿಲ್ ಒಂದೇ ಡಬ್ಬಿಯಿಂದ ಹೋಗುತ್ತದೆ. ಪೆಡಲ್ಲಿನ ಒತ್ತಡವನ್ನು, ಪ್ಲೇಟಿನ ಹಿಡಿತ ಬಿಡಿಸುವ ರಿಲೀಸ್ ಬೇರಿಂಗಿಗೆ ಮುಟ್ಟಿಸುವ ಸ್ಲೇವ್ ಸಿಲಿಂಡರ್, ಕ್ಲಚ್ಚನ್ನು ಮುಚ್ಚಿರುವ ಗೇರ್‌ಬಾಕ್ಸಿನ ಕವಚದ (ಬೆಲ್ ಹೌಸಿಂಗ್) ಒಳಗೇ ಕೂತಿರುವುದರಿಂದ, ಅದರ ಸೀಲ್ ಸೋರಿದರೆ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಸೋರಿದ ಆಯಿಲ್ ಪ್ಲೇಟಿಗೆ ತಗುಲಿ ಅದು ಜಾರುತ್ತಿತ್ತು; ಒತ್ತಡ ಕಡಿಮೆಯಾಗಿ ಪೂರ್ತಿ ಬಿಡುತ್ತಲೂ ಇರಲಿಲ್ಲ. ಒಂದೇ ಸೀಲು, ಎರಡು ದೋಷ. ಗೇರ್‌ಬಾಕ್ಸ್ ಎರಡು ಬಾರಿ ಇಳಿದಿದ್ದರೂ ಹಸಿಯಾಗಿದ್ದ ಹೌಸಿಂಗನ್ನು ಒರೆಸಿ ಹೊಸ ಪ್ಲೇಟ್ ಕೂರಿಸಿದವರ ಕೆಲಸವನ್ನು ರಿಪೇರಿ ಎನ್ನಲು ನನಗೆ ಮನಸ್ಸಿಲ್ಲ. ಆಯಿಲ್ ಡಬ್ಬಿ ಒಂದೇ ಆದ್ದರಿಂದ ಇದು ಬ್ರೇಕಿನ ಸುರಕ್ಷತೆಯ ಪ್ರಶ್ನೆಯೂ ಹೌದು.

ಗ್ಯಾರೇಜಿನವರು ಬೇರಿಂಗ್ ಸಮೇತ ಸ್ಲೇವ್ ಸಿಲಿಂಡರ್ ಬದಲಾಯಿಸಿ, ಹೊಸ ಕ್ಲಚ್ ಸೆಟ್ ಹಾಕಿ, ಪ್ಲೇಟ್ ಒತ್ತಿಕೊಳ್ಳುವ ಎಂಜಿನ್ನಿನ ಚಕ್ರವಾದ ಫ್ಲೈವೀಲ್ ಪರೀಕ್ಷಿಸಿ, ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತುಂಬಿ, ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದರು. ಬಿಚ್ಚಿದ ಭಾಗಗಳನ್ನು ಕೇಳದೆಯೇ ಕೈಗಿತ್ತರು. ನನ್ನನ್ನು ಕಾಯಿಸಿದ್ದೊಂದು ಬಿಟ್ಟರೆ ಅವರ ಬಗ್ಗೆ ದೂರಿಲ್ಲ. ಏರಿನಲ್ಲಿ ಕಾರು ಈಗ ಜಾರುವುದಿಲ್ಲ.

ಇಂಥ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು, ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕನೇ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ನಿಲ್ಲುತ್ತದೆಯೇ (ನಿಲ್ಲದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ) ಎಂದು ನೋಡುವುದರ ಜೊತೆಗೆ ಹಳೆಯ ಬಿಲ್ಲುಗಳನ್ನೂ ಕೇಳಬೇಕು. ಬ್ರೇಕ್ ಪ್ಯಾಡ್ ಸವೆದಂತೆ ಡಬ್ಬಿಯ ಆಯಿಲ್ ಮಟ್ಟ ತುಸು ಇಳಿಯುವುದು ಸಹಜ, ಪದೇ ಪದೇ ತುಂಬಬೇಕಾಗುವುದು ಸಹಜವಲ್ಲ.

ಪ್ಲೇಟ್ ಸವೆಯುವ ಭಾಗವಾದ್ದರಿಂದ ಅದಕ್ಕೆ ವಾರಂಟಿ ಇಲ್ಲವೆಂದು ಸರ್ವಿಸ್ ಸೆಂಟರಿನವರು ಹೇಳಿದ್ದನ್ನು ಒಪ್ಪುತ್ತೇನೆ. ಸ್ಲೇವ್ ಸಿಲಿಂಡರಿಗೆ ಆ ಮಾತು ಹೊಂದುವುದಿಲ್ಲ. ಪೂರ್ತಿ ಬಿಡದ ಕ್ಲಚ್ಚಿನ ಮೇಲೆ ಗೇರ್ ಬದಲಾಯಿಸಿದ್ದರಿಂದ ಗೇರ್ ಬೀಳುವ ಮೊದಲು ವೇಗ ಹೊಂದಿಸುವ, ಎರಡನೇ ಗೇರಿನ ಸಿಂಕ್ರೊನೈಸರ್ ರಿಂಗ್ ಸವೆದಿದೆ, ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಇಂದಿಗೂ ಸದ್ದು ಬರುತ್ತದೆ. ಅದರ ಖರ್ಚನ್ನು ಅವರೇ ಭರಿಸಬೇಕೆಂದು ಬಿಲ್ಲುಗಳ ಪ್ರತಿಯೊಂದಿಗೆ ಬರೆದ ಪತ್ರಕ್ಕೆ ಉತ್ತರ ಬಾರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.