ಯೋಗ ಟೀಚರ್‌ಗಳಿಗೆ ಮುಂದಿನ ಕೋರ್ಸ್ ಯಾವುದು? ನಾಲ್ಕು ದಾರಿ ಹಿಡಿದು ನೋಡಿದೆ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ ಮಹಡಿ ಮೇಲೆ ಒಂದು ಹಾಲ್ ಇದೆ. ಬೆಳಿಗ್ಗೆ 6ಕ್ಕೆ ಒಂದು ಬ್ಯಾಚ್, ಸಂಜೆ 5.30ಕ್ಕೆ ಇನ್ನೊಂದು. 200 ಗಂಟೆಯ ಟೀಚರ್ ಟ್ರೈನಿಂಗ್ ಮುಗಿಸಿ ಆರು ವರ್ಷ ಹೀಗೇ ಪಾಠ ಮಾಡಿಕೊಂಡಿದ್ದೆ. ಬರುವವರಲ್ಲಿ ಮುಕ್ಕಾಲು ಪಾಲು ಐವತ್ತು ದಾಟಿದವರು. ಬ್ಯಾಂಕಿನಿಂದ ರಿಟೈರ್ ಆದವರು, ಡಾಕ್ಟರು ಬೈದು ಕಳಿಸಿದವರು, ಸೊಸೆ ಫೀಸ್ ಕಟ್ಟಿ ಕಳಿಸಿದ ಅತ್ತೆಯರು.

ಅವರಲ್ಲಿ ಒಬ್ಬರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಡಂ. 61 ವರ್ಷ. ಎರಡೂ ಕೈ ಮೇಲೆತ್ತಿ ಅಂದರೆ ಎಡಗೈ ಕಿವಿ ಪಕ್ಕಕ್ಕೆ ಬರುತ್ತದೆ, ಬಲಗೈ ಹಣೆಯ ಮುಂದೆ ನಿಂತುಬಿಡುತ್ತದೆ. ಒಂದು ದಿನ ಕೇಳಿದರು, “ಇದ್ಯಾಕಮ್ಮ ಹೋಗಲ್ಲ?”

“ಪ್ರಾಕ್ಟೀಸ್ ಮಾಡಿ ಮೇಡಂ, ಬರುತ್ತೆ” ಅಂದೆ.

ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಲೆಕ್ಕ ಬರದೆ ಬೋರ್ಡ್ ಮುಂದೆ ಸೀಮೆಸುಣ್ಣ ಹಿಡಿದು ನಿಂತ ಹುಡುಗಿಯನ್ನು ನೋಡುವ ನೋಟ ಅದು. ಇನ್ನೂ ಸ್ವಲ್ಪ ಕಲಿಯಬೇಕು ಅಂತ ನನಗೆ ಅನ್ನಿಸಿದ್ದು ಅವತ್ತೇ. ಮುಂದಿನ ನಾಲ್ಕು ವರ್ಷದಲ್ಲಿ ನಾಲ್ಕು ದಾರಿ ಹಿಡಿದೆ. ಈ ಮೇಡಂ ಕೈಯನ್ನೇ ಅಳತೆಗೋಲಾಗಿ ಇಟ್ಟುಕೊಂಡು ಅವುಗಳನ್ನು ಹೋಲಿಸುತ್ತೇನೆ. ಬೇರೆ ಅಳತೆಗೋಲು ನನ್ನ ಹತ್ತಿರ ಇರಲಿಲ್ಲ.

ಮೊದಲು ಸೇರಿದ್ದು 300 ಗಂಟೆಯ ಕೋರ್ಸಿಗೆ. 200 ಗಂಟೆ ಮಾಡಿದವರು ಇನ್ನೊಂದು 300 ಸೇರಿಸಿದರೆ ಅಮೆರಿಕದ ಯೋಗ ಅಲಯನ್ಸ್‌ನಲ್ಲಿ 500 ಗಂಟೆಯ ಟೀಚರ್ ಅಂತ ಹೆಸರು ನೋಂದಾಯಿಸಬಹುದು. ಆ ಕೋರ್ಸ್ ಗೋಕುಲಂನ ಒಂದು ಶಾಲೆಯಲ್ಲಿತ್ತು, ಮನೆಯಿಂದ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ. ಮೈಸೂರಲ್ಲೇ ಹುಟ್ಟಿ ಬೆಳೆದರೂ ಯೋಗ ಕಲಿಯೋಕೆ ಅಂತ ಆ ಬಡಾವಣೆಗೆ ನಾನು ಕಾಲಿಟ್ಟಿರಲಿಲ್ಲ. ಅಷ್ಟಾಂಗ ಯೋಗದ ಗುರು ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ಶುರು ಮಾಡಿದ ಶಾಲೆ 2002ರಲ್ಲಿ ಗೋಕುಲಂಗೆ ಬಂತು. ಆಮೇಲೆ ಆ ರಸ್ತೆಗಳ ಚಹರೆಯೇ ಬದಲಾಯಿತು. ಬೆಳಿಗ್ಗೆ ಎಳನೀರಿನ ಗಾಡಿ ಸುತ್ತ ಹತ್ತು ದೇಶದವರು ನಿಂತಿರುತ್ತಾರೆ. ನಾವು ಮೈಸೂರಿನವರು ಅದನ್ನು ನೋಡಿಕೊಂಡು ಆಫೀಸಿಗೆ ಹೋಗುತ್ತೇವೆ.

ನಮ್ಮ ಬ್ಯಾಚಿನಲ್ಲಿ 22 ಜನ, ಭಾರತದವರು ನಾಲ್ಕೇ. 28 ದಿನದ ಕೋರ್ಸ್, ಭಾನುವಾರ ರಜೆ. ಅಂದರೆ ಪಾಠ ನಡೆಯುವುದು 24 ದಿನ. 300ನ್ನು 24ರಿಂದ ಭಾಗಿಸಿ ನೋಡಿ, ದಿನಕ್ಕೆ ಹನ್ನೆರಡೂವರೆ ಗಂಟೆ ಆಗುತ್ತದೆ. ನಡೆದದ್ದು ಒಂಬತ್ತು ಗಂಟೆ. ಉಳಿದದ್ದನ್ನು ‘ಸ್ವಾಧ್ಯಾಯ’ದ ಲೆಕ್ಕಕ್ಕೆ ಹಾಕಿದರು. ಮೇಡಂಗೆ ಇದನ್ನು ಹೇಳಿದಾಗ ಬಾಯಲ್ಲೇ ಲೆಕ್ಕ ಮಾಡಿ, “216 ಬಂತು. 72 ಪರ್ಸೆಂಟು, ಫಸ್ಟ್ ಕ್ಲಾಸ್ ಬಿಡು” ಅಂದರು.

ಗಂಟೆಗಿಂತ ಜಾಸ್ತಿ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಜೋಯಿಸರ ಈ ಮೈಸೂರು ಪದ್ಧತಿಯ ಸೊಗಸು ಇರುವುದೇ ನಿಧಾನದಲ್ಲಿ. ಒಂದೇ ಹಾಲಿನಲ್ಲಿ ಎಲ್ಲರೂ ಅವರವರ ಉಸಿರಿಗೆ ತಕ್ಕಂತೆ ಮಾಡುತ್ತಿರುತ್ತಾರೆ. ಒಂದು ಆಸನ ಕೂತಿದೆ ಅಂತ ಗುರುಗಳಿಗೆ ಅನ್ನಿಸಿದ ಮೇಲೆ ಮುಂದಿನದು ಸಿಗುತ್ತದೆ. ಕೆಲವರಿಗೆ ಒಂದೇ ಆಸನದಲ್ಲಿ ವರ್ಷ ಕಳೆಯುತ್ತದೆ. ನಮಗೆ ಆಸನಗಳ ಎರಡನೇ ಸರಣಿಯನ್ನು ಹತ್ತು ದಿನದಲ್ಲಿ ತೋರಿಸಿ ಮುಗಿಸಿದರು. ಹಿಂದಕ್ಕೆ ಬಾಗಿ ಹಿಮ್ಮಡಿ ಹಿಡಿಯುವ ಕಪೋತಾಸನದಲ್ಲಿ ನನ್ನ ಹಿಮ್ಮಡಿಯನ್ನು ಯಾರೋ ಹಿಡಿಸಿದರು, ಇನ್ನ್ಯಾರೋ ಫೋಟೋ ತೆಗೆದರು. ಆ ಫೋಟೋ ಈಗಲೂ ಇದೆ. ಹಿಮ್ಮಡಿ ಮತ್ತೆ ಸಿಕ್ಕಿಲ್ಲ.

ಆದರೂ ಆ ಕೋರ್ಸಿನ ಒಂದು ಪಾಠಕ್ಕೆ ನಾನು ಋಣಿ. ಅನಾಟಮಿ ಹೇಳಿಕೊಡಲು ಒಬ್ಬ ಫಿಸಿಯೋಥೆರಪಿಸ್ಟ್ ಪ್ಲಾಸ್ಟಿಕ್ಕಿನ ಅಸ್ಥಿಪಂಜರ ಹಿಡಿದು ಬರುತ್ತಿದ್ದರು. ಅದರ ಕೈಯನ್ನು ನಿಧಾನವಾಗಿ ಮೇಲೆತ್ತಿ ತೋರಿಸಿದರು. ಕೈ ಪೂರ್ತಿ ಮೇಲೆ ಹೋಗಬೇಕಾದರೆ ಭುಜದ ಕೀಲು ಒಂದೇ ತಿರುಗಿದರೆ ಸಾಲದು. ಬೆನ್ನಿನ ಮೇಲಿನ ಹೆಗಲ ಮೂಳೆಯೂ ಜೊತೆಗೆ ತಿರುಗಬೇಕು. 180 ಡಿಗ್ರಿಯಲ್ಲಿ ಸುಮಾರು 120 ಕೀಲಿನದು, 60 ಆ ಮೂಳೆಯದು. ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ, ಕೆಳಗೆ ಗೆರೆಯನ್ನೂ ಎಳೆದೆ. ಬರೆದುಕೊಂಡಿದ್ದು ಕೈಗೆ ಇಳಿಯಲಿಲ್ಲ ಅಷ್ಟೇ.

ಕೋರ್ಸ್ ಮುಗಿಸಿ ಬಂದ ವಾರ ಹೊಸ ಹುರುಪು. ಅಡ್ಜಸ್ಟ್‌ಮೆಂಟ್ ಅಂತ ಕಲಿತಿದ್ದೆನಲ್ಲ, ಮೇಡಂ ಹಿಂದೆ ನಿಂತು ಬಲಗೈಯನ್ನು ಮೆಲ್ಲಗೆ ಮೇಲಕ್ಕೆ ಎಳೆದೆ. ‘ಮೆಲ್ಲಗೆ’ ಅನ್ನುವುದು ನನ್ನ ಮಾತು. ಅವರು ತುಟಿ ಕಚ್ಚಿಕೊಂಡು ಕೂತರು. ಹತ್ತು ದಿನ ಕ್ಲಾಸಿಗೆ ಬರಲಿಲ್ಲ. ತಪ್ಪು ಕೋರ್ಸಿನದಲ್ಲ, ನನ್ನದು. ಆದರೆ 22 ಗಟ್ಟಿಮುಟ್ಟಾದ ಮೈಗಳ ಮೇಲೆ ಕಲಿತ ವಿದ್ಯೆಯನ್ನು 61ರ ಭುಜದ ಮೇಲೆ ಪ್ರಯೋಗ ಮಾಡಬೇಡ ಅಂತ ಅಲ್ಲಿ ಯಾರೂ ಹೇಳಿರಲಿಲ್ಲ.

ಎರಡನೆಯದು ಕೋರ್ಸ್ ಅಲ್ಲ, ಪರೀಕ್ಷೆ. ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಶನ್ ಬೋರ್ಡ್ ನಡೆಸುತ್ತದೆ. ಪ್ರೋಟೋಕಾಲ್ ಇನ್‌ಸ್ಟ್ರಕ್ಟರ್, ವೆಲ್‌ನೆಸ್ ಇನ್‌ಸ್ಟ್ರಕ್ಟರ್, ಟೀಚರ್ ಅಂಡ್ ಇವ್ಯಾಲ್ಯುಯೇಟರ್, ಮಾಸ್ಟರ್ ಅಂತ ಮೆಟ್ಟಿಲುಗಳಿವೆ. ನಾನು ಬರೆದದ್ದು ಎರಡನೆಯದು. ಹಠಯೋಗ ಪ್ರದೀಪಿಕೆ, ಘೇರಂಡ ಸಂಹಿತೆ, ಪತಂಜಲಿ ಸೂತ್ರ ಎಲ್ಲ ಕೂತು ಓದಿಸಿತು, ಅದೊಂದು ಲಾಭ. ಥಿಯರಿ ಜೊತೆಗೆ ಪ್ರಾಕ್ಟಿಕಲ್ಲೂ ಇರುತ್ತದೆ, ಪಾಠ ಮಾಡಿ ತೋರಿಸಬೇಕು. ಖರ್ಚು ಕಡಿಮೆ. ಶಾಲೆ, ಸರ್ಕಾರಿ ಕೆಲಸ ಅಂತ ಹೊರಟವರಿಗೆ ಈ ಕಾಗದ ಬೇಕಾಗುತ್ತದೆ. ಮೇಡಂ ಕೈಗೆ ಏನಾಯಿತು ಅಂದರೆ, ಏನೂ ಆಗಲಿಲ್ಲ. ಪರೀಕ್ಷೆ ನಮ್ಮಲ್ಲಿ ಇರುವುದನ್ನು ಅಳೆಯುತ್ತದೆ, ಇಲ್ಲದ್ದನ್ನು ತುಂಬುವುದಿಲ್ಲ.

ಮೂರನೆಯದು ಯೋಗ ಚಿಕಿತ್ಸೆಯ ಕೋರ್ಸ್. ಬೇರೆ ಜಿಲ್ಲೆಯ ಒಂದು ಸಣ್ಣ ಸಂಸ್ಥೆ. ಆರು ತಿಂಗಳು ಮನೆಯಲ್ಲಿ ಓದು, ನಡುವೆ ಎರಡು ಸಲ ಹದಿನೈದು ದಿನ ಅಲ್ಲೇ ವಾಸ. ಊಟ ಬೆಳಿಗ್ಗೆ ಗಂಜಿ, ರಾತ್ರಿನೂ ಗಂಜಿ. ಇದರಲ್ಲಿ ಕಲಿತದ್ದು ಕೇಳುವುದನ್ನು. ಅಂದರೆ ಪ್ರಶ್ನೆ ಕೇಳುವುದನ್ನು. ನಮ್ಮ ಹಾಲಿಗೆ ಸೇರುವವರ ಫಾರಂನಲ್ಲಿ ‘ಕಾಯಿಲೆ ಏನಾದರೂ ಇದೆಯೇ’ ಅಂತ ಒಂದೇ ಸಾಲಿತ್ತು. ಎಲ್ಲರೂ ‘ಇಲ್ಲ’ ಅಂತ ಬರೆಯುತ್ತಿದ್ದರು. ಅಲ್ಲಿ ಒಬ್ಬ ರೋಗಿಯ ಜೊತೆ ನಲವತ್ತು ನಿಮಿಷ ಕೂರಿಸಿದರು. ನಿದ್ದೆ ಹೇಗೆ, ಮಾತ್ರೆ ಯಾವುದು, ಎಷ್ಟು ವರ್ಷದಿಂದ, ನೋವು ರಾತ್ರಿ ಜಾಸ್ತಿನಾ ಹಗಲು ಜಾಸ್ತಿನಾ, ಮನೆಯಲ್ಲಿ ಯಾರ್‍ಯಾರು. ಎಲ್ಲವನ್ನೂ ಬರೆದುಕೊಳ್ಳಬೇಕು, ನಡುವೆ ಬಾಯಿ ಹಾಕಬಾರದು.

ಬಂದವಳೇ ಮೇಡಂ ಜೊತೆ ಕೂತೆ. ಮೂರನೇ ಪ್ರಶ್ನೆಗೇ ಬಾಯಿಬಿಟ್ಟರು, 14 ವರ್ಷದಿಂದ ಶುಗರ್ ಇದೆಯಂತೆ. “ಫಾರಂನಲ್ಲಿ ಯಾಕೆ ಬರೀಲಿಲ್ಲ ಮೇಡಂ?” ಅಂದರೆ, “ಕಾಯಿಲೆ ಅಂತ ಕೇಳಿದ್ರಿ. ಶುಗರ್ ಕಾಯಿಲೇನಾ? ಅದು ನಮ್ಮನೇಲಿ ಎಲ್ರಿಗೂ ಇದೆ” ಅಂದರು. ಶುಗರ್ ಇರುವವರಲ್ಲಿ ಭುಜ ಬಿಗಿದುಕೊಳ್ಳುವುದು ಉಳಿದವರಿಗಿಂತ ಜಾಸ್ತಿ. ಇದು ಆ ಕೋರ್ಸಿನಲ್ಲೇ ಗೊತ್ತಾಗಿದ್ದು. ಮೂಳೆ ಡಾಕ್ಟರ ಹತ್ತಿರ ಕಳಿಸಿದೆ. ಫ್ರೋಜನ್ ಶೋಲ್ಡರ್ ಅಂದರು. ‘ಪ್ರಾಕ್ಟೀಸ್ ಮಾಡಿ, ಬರುತ್ತೆ’ ಅಂದಿದ್ದೆನಲ್ಲ, ಅದು ನೆನಪಾಗಿ ಮುಖ ಸಣ್ಣಗಾಯಿತು.

ಬಿಪಿ ಹೆಚ್ಚಿರುವವರಿಗೆ ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಉಸಿರಾಟ ಬೇಡ, ಕಣ್ಣಿನ ಕಾಯಿಲೆ ಗ್ಲಾಕೋಮಾ ಇದ್ದವರಿಗೆ ಶೀರ್ಷಾಸನ ಬೇಡವೇ ಬೇಡ. ಇಂಥದ್ದೆಲ್ಲ ಇಲ್ಲಿ ಗಟ್ಟಿಯಾಯಿತು. ಜಿಗಣಿಯ ಎಸ್-ವ್ಯಾಸ ಸಂಸ್ಥೆಯಲ್ಲಿ ರೂಪುಗೊಂಡ ಆವರ್ತನ ಧ್ಯಾನವನ್ನೂ ಇಲ್ಲೇ ಸರಿಯಾಗಿ ಕಲಿತೆ. ನಿಧಾನದ ನಾಲ್ಕೈದು ಆಸನ, ನಡುನಡುವೆ ಮಲಗಿ ವಿಶ್ರಾಂತಿ. ಸಂಜೆ ಬ್ಯಾಚಿನವರಿಗೆ ಇದು ಎಷ್ಟು ಹಿಡಿಸಿತು ಅಂದರೆ ಶುಕ್ರವಾರ ಯಾರೂ ತಪ್ಪಿಸುವುದಿಲ್ಲ. ಒಬ್ಬರಂತೂ ಗೊರಕೆಗೇ ಬರುತ್ತಾರೆ.

ಕೊರತೆ ಇರಲಿಲ್ಲ ಅಂತಲ್ಲ. ಸೊಂಟ ನೋವಿಗೆ ಈ ಒಂಬತ್ತು ಆಸನ, ಶುಗರಿಗೆ ಈ ಹನ್ನೊಂದು ಅಂತ ಅಚ್ಚು ಹಾಕಿದ ಪಟ್ಟಿ ಕೊಟ್ಟರು. ನಲವತ್ತು ನಿಮಿಷ ಕೇಳಿಸಿಕೊಂಡ ಮೇಲೆ ಎಲ್ಲರಿಗೂ ಅದೇ ಹನ್ನೊಂದು ಕೊಡೋದಾದರೆ ಕೇಳಿದ್ದು ಯಾತಕ್ಕೆ? ಒಬ್ಬ ಉಪನ್ಯಾಸಕರು ಮೂರು ತಿಂಗಳಲ್ಲಿ ಮಾತ್ರೆ ಬಿಡಿಸಬಹುದು ಅಂತಲೂ ಹೇಳಿದರು. ನಾನು ಎದ್ದು ನಿಂತು ಅದು ಡಾಕ್ಟರ ಕೆಲಸ ಅಲ್ವಾ ಸರ್ ಅಂದೆ. ಅವತ್ತು ಮಧ್ಯಾಹ್ನ ನನ್ನ ಜೊತೆ ಯಾರೂ ಊಟಕ್ಕೆ ಕೂರಲಿಲ್ಲ.

ಇನ್ನು ನಾಲ್ಕನೆಯದು. ಇದಕ್ಕೆ ಕೋರ್ಸ್ ಅನ್ನುವ ಹೆಸರೂ ಇಲ್ಲ. ಬೆಂಗಳೂರಿನಲ್ಲಿ ಅಯ್ಯಂಗಾರ್ ಪದ್ಧತಿಯ ಒಬ್ಬ ಹಿರಿಯ ಮೇಷ್ಟ್ರು. ಎಪ್ಪತ್ತು ದಾಟಿದವರು, ಪುಣೆಯಲ್ಲಿ ಕಲಿತವರು. ಪ್ರತಿ ಶನಿವಾರ ಬೆಳಗಿನ ರೈಲು ಹತ್ತಿ ಹೋಗಿ ಸಂಜೆ ವಾಪಸ್. ಬಿ.ಕೆ.ಎಸ್. ಅಯ್ಯಂಗಾರರು ಕೋಲಾರ ಕಡೆಯ ಬೆಳ್ಳೂರಿನವರು, ಯೋಗ ಕಲಿತದ್ದು ನಮ್ಮ ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ. ಜೋಯಿಸರಿಗೂ ಅವರೇ ಗುರು. ಕಲಿಸಿದವರು ಒಬ್ಬರೇ. ಜೋಯಿಸರ ದಾರಿ ಉಸಿರಿನ ಎಣಿಕೆ ಹಿಡಿದು ಹೊರಟಿತು, ಅಯ್ಯಂಗಾರರದು ಬೆಲ್ಟು, ಕಂಬಳಿ, ಮಡಚುವ ಕಬ್ಬಿಣದ ಕುರ್ಚಿ ಹಿಡಿದು ಹೊರಟಿತು.

ಮೊದಲ ಶನಿವಾರ ಮೇಷ್ಟ್ರು, “ಇವರಿಗೆ ತಾಡಾಸನ ಹೇಳಿಕೊಡಮ್ಮ” ಅಂತ ಒಬ್ಬರನ್ನು ಎದುರಿಗೆ ನಿಲ್ಲಿಸಿದರು. ನೆಟ್ಟಗೆ ನಿಲ್ಲುವ ಆಸನ, ಇಷ್ಟೇನಾ ಅಂದುಕೊಂಡೆ. ಪಾದ ಜೋಡಿಸಿ, ಮಂಡಿ ಚಿಪ್ಪು ಮೇಲಕ್ಕೆ, ಎದೆ ಅಗಲಿಸಿ ಅಂತ ಗಡಗಡ ಶುರು ಮಾಡಿದೆ. ಎರಡು ನಿಮಿಷ ಬಿಟ್ಟು ಕೇಳಿದರು, “ಅವರ ಎಡಗಾಲಿನ ಹೆಬ್ಬೆರಳು ಎಲ್ಲಿದೆ?”

ನೋಡಿದೆ. ನೆಲದಿಂದ ಒಂದು ಬೆರಳಷ್ಟು ಮೇಲೆದ್ದಿತ್ತು. ಮೊದಲಿಂದಲೂ ಹಾಗೇ ಇತ್ತಂತೆ.

“ನೀನು ಪಾಠ ಒಪ್ಪಿಸ್ತಾ ಇದ್ದೀಯ. ಅವರನ್ನ ನೋಡ್ತಾ ಇಲ್ಲ.”

ಮುಂದಿನ ನಾಲ್ಕು ಶನಿವಾರ ನಾನು ಬಾಯಿ ತೆರೆಯುವ ಹಾಗಿರಲಿಲ್ಲ. ಹಾಲಿನ ಮೂಲೆಯಲ್ಲಿ ಕೂತು, ಒಬ್ಬರನ್ನೇ ನೋಡಿ, ಕಂಡದ್ದನ್ನು ಬರೆಯಬೇಕು. ‘ಚೆನ್ನಾಗಿ ಮಾಡಿದರು’ ಅಂತ ಬರೆದರೆ ಹಾಳೆ ಹಿಂದಕ್ಕೆ ಬರುತ್ತಿತ್ತು. ‘ಬಲ ಹಿಮ್ಮಡಿಯ ಹೊರಅಂಚಿಗೆ ಭಾರ ಬಿದ್ದಿದೆ’ ಅಂತ ಬರೆದರೆ ಹೂಂ ಅನ್ನುತ್ತಿದ್ದರು. ಇಷ್ಟು ವರ್ಷ ಪಾಠ ಮಾಡಿದವಳಿಗೆ ಇದು ಅವಮಾನವೇ. ಎರಡನೇ ವಾರ ವಾಪಸ್ ಬರುವಾಗ ಮಂಡ್ಯ ದಾಟುವವರೆಗೂ ಇನ್ನು ಹೋಗುವುದಿಲ್ಲ ಅಂತಲೇ ಇದ್ದೆ.

ಐದನೇ ವಾರ ಸೋಮವಾರ ಬೆಳಿಗ್ಗೆ ಮೇಡಂ ಹಿಂದೆ ಸುಮ್ನೆ ನಿಂತೆ. ಕೈ ಎತ್ತಿ ಅಂದೆ. ಕೈ ಮೇಲೇಳುವ ಮೊದಲೇ ಬಲಭುಜ ಕಿವಿಯ ಕಡೆ ಎದ್ದಿತು. ಸೊಂಟ ಎಡಕ್ಕೆ ವಾಲಿತು. ಇಷ್ಟು ವರ್ಷ ದಿನಾ ನೋಡಿದ್ದೇ, ಕಂಡಿರಲಿಲ್ಲ. ಫಿಸಿಯೋಥೆರಪಿಸ್ಟ್ ಹೇಳಿದ ಆ 120, 60ರ ಲೆಕ್ಕ ಅವತ್ತು ಅವರ ಬೆನ್ನ ಮೇಲೆ ಕಂಡಿತು. ನೆಲದ ಮೇಲೆ ಮಲಗಿಸಿದೆ, ಎರಡೂ ಕೈಗೆ ಒಂದು ಕೋಲು ಕೊಟ್ಟೆ, ಎಡಗೈ ಬಲಗೈಯನ್ನು ಕರೆದುಕೊಂಡು ಹೋಗಲಿ, ನೋವು ಶುರುವಾಗುವ ಮೊದಲೇ ನಿಲ್ಲಿಸಿ ಅಂದೆ. ಡಾಕ್ಟರು ಹೇಳಿದ ಫಿಸಿಯೋಥೆರಪಿ ಜೊತೆಗೇ ನಡೆಯುತ್ತಿತ್ತು. ಐದು ತಿಂಗಳಿಗೆ ಅಡುಗೆಮನೆಯ ಮೇಲಿನ ಶೆಲ್ಫಿನಿಂದ ಹುಣಸೆಹಣ್ಣಿನ ಡಬ್ಬಿ ಇಳಿಸಿದೆ ಅಂತ ಬಂದು ಹೇಳಿದರು. ಫ್ರೋಜನ್ ಶೋಲ್ಡರ್ ಕಾಲ ಕಳೆದ ಹಾಗೆ ತಾನಾಗಿಯೂ ಸಡಿಲವಾಗುತ್ತದೆ. ಹಾಗಾಗಿ ಪೂರ್ತಿ ಶ್ರೇಯ ನಾನು ತೆಗೆದುಕೊಳ್ಳುವ ಹಾಗಿಲ್ಲ.

ಈ ಶನಿವಾರದ ಪಾಠಕ್ಕೂ ತೊಂದರೆಗಳಿವೆ. ಒಂದೂವರೆ ವರ್ಷವಾದರೂ ಕೈಯಲ್ಲಿ ಒಂದು ತುಂಡು ಕಾಗದ ಇಲ್ಲ. ಈ ಪದ್ಧತಿಯಲ್ಲಿ ಟೀಚರ್ ಸರ್ಟಿಫಿಕೇಟ್ ಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಮೇಷ್ಟ್ರಿಗೆ ಬೇರೆ ಪದ್ಧತಿ ಅಂದರೆ ಆಗದು, ಉಸಿರಿನ ಎಣಿಕೆಗೆ ಆಸನ ಜೋಡಿಸುವ ನನ್ನ ‘ವಿನ್ಯಾಸ’ದ ಮಾತೆತ್ತಿದರೆ ಮುಖ ಗಂಟಾಗುತ್ತದೆ. ಬೈಗುಳ ತಡೆಯದವರಿಗಂತೂ ಇದು ಬೇಡ.

ದುಡ್ಡಿನ ಮಾತು. ಗೋಕುಲಂ ಕೋರ್ಸಿಗೆ 95,000 ರೂಪಾಯಿ, ಮೇಲೆ ಒಂದು ತಿಂಗಳು ನನ್ನ ಎರಡೂ ಬ್ಯಾಚ್ ಬಂದ್. ಚಿಕಿತ್ಸೆಯ ಕೋರ್ಸಿಗೆ ಊಟ, ವಸತಿ ಸೇರಿ 32,000. ಮೇಷ್ಟ್ರಿಗೆ ತಿಂಗಳಿಗೆ 1,500, ರೈಲು ಚಾರ್ಜು ಬೇರೆ. ಹೊರದೇಶಕ್ಕೆ ಹೋಗಿ ಕಲಿಸಬೇಕು, ಅಥವಾ ರೆಸಾರ್ಟುಗಳಲ್ಲಿ ಕೆಲಸ ಬೇಕು ಅನ್ನುವವರಿಗೆ ಮೊದಲನೆಯದು ಬಿಟ್ಟು ಬೇರೆ ದಾರಿ ಕಡಿಮೆ, ಅಲ್ಲಿ 500 ಅನ್ನುವ ಅಂಕಿಗೆ ಬೆಲೆ ಇದೆ. ಸೇರುವ ಮೊದಲು ಎರಡೇ ಪ್ರಶ್ನೆ ಕೇಳಿ. ಬ್ಯಾಚಿನಲ್ಲಿ ಎಷ್ಟು ಜನ? ನಾನು ಪಾಠ ಮಾಡುವುದನ್ನು ನೀವು ಎಷ್ಟು ಸಲ ಕೂತು ನೋಡುತ್ತೀರಿ? ನನ್ನ ಪಾಲಿಗೆ ಬಂದದ್ದು ಒಂದೇ ಸಲ, ಇಪ್ಪತ್ತು ನಿಮಿಷ. ನನ್ನ ಹಾಗೆ ಬಡಾವಣೆಯಲ್ಲಿ ಹಿರಿಯರಿಗೆ ಕಲಿಸುವವರು ಮೊದಲು ಚಿಕಿತ್ಸೆಯ ಕೋರ್ಸ್ ಮಾಡಿ, ಆ ಪಟ್ಟಿಗಳನ್ನು ಮಾತ್ರ ಅಲ್ಲೇ ಬಿಟ್ಟು ಬನ್ನಿ. ನಾನು ಮತ್ತೆ ಶುರುವಿಂದ ಶುರು ಮಾಡುವ ಹಾಗಿದ್ದರೆ ಚಿಕಿತ್ಸೆಯ ಕೋರ್ಸ್ ಮುಗಿಸಿ ನೇರ ಶನಿವಾರದ ರೈಲು ಹತ್ತುತ್ತಿದ್ದೆ. ಗೋಕುಲಂನ 95,000 ಉಳಿಯುತ್ತಿತ್ತು. ಅಸ್ಥಿಪಂಜರದ ಪಾಠ ತಪ್ಪುತ್ತಿತ್ತು, ಅದೊಂದೇ ಕೊರಗು.

ಮೊನ್ನೆ ಶುಕ್ರವಾರ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಮೇಡಂ ಕೇಳಿದರು, “ನಾಳೆ ಬೆಂಗಳೂರಿಗೆ ಹೋಗ್ತೀಯಲ್ಲಮ್ಮ? ನಿಮ್ಮ ಮೇಷ್ಟ್ರನ್ನ ನನ್ನ ಎಡ ಮಂಡಿಗೂ ಏನಾದ್ರೂ ಕೇಳ್ಕೊಂಡು ಬಾ.” ಮಂಡಿ ನೋವಿನ ವಿಷಯ ಫಾರಂನಲ್ಲಿ ಬರೆದಿರಲಿಲ್ಲ.